ದೊಡ್ಡ ಸ್ವಾಮಿಯವರ ಮಾತಿಗೆ ನನ್ನದೊಂದು ತಕರಾರು

ಕಷ್ಟ ಬಂದಾಗ ವಿಶ್ವಾಸದಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಪೂರ್ತಿಯಾಗಿ ಒಪ್ಪಿಸಿಕೊಡಬೇಕು ಅಂತ ಪ್ರಸಂಗಗಳಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಮಾತು ಸರಿಯೇ. ಆದರೆ ಈ 'ಪೂರ್ತಿ' ಅಂದರೆ ಎಷ್ಟು? ಅದನ್ನು ಅಳೆಯೋರು ಯಾರು? ಅವರು ಎಲ್ಲಿ ಕೂತು ಅಳೀತಾರೆ? ಬಹಳ ದಿನದಿಂದ ಈ ಹುಳ ತಲೆ ಕೊರೀತಾ ಇದೆ. ಇವತ್ತು ರಜೆ, ಬರೆದೇ ಬಿಡೋಣ ಅಂತ ಕೂತೆ.

ಹುಳ ಬಿಟ್ಟವರು ಅಬ್ಬೆ ದುಬಾಯ್. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದೊಡ್ಡ ಪುಸ್ತಕ ಬರೆದ ಫ್ರೆಂಚ್ ಪಾದ್ರಿ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. (ಅದರಲ್ಲಿ ಬಹಳಷ್ಟು ಭಾಗ ಅವರಿಗಿಂತ ಹಿಂದಿನ ಕೂರ್ದೂ ಎಂಬ ಪಾದ್ರಿಯದು ಅಂತ ಆಮೇಲೆ ಸಂಶೋಧಕರು ತೋರಿಸಿದರು. ಅದು ಬೇರೆ ಕಥೆ.) ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ, 1792ರಲ್ಲಿ, ದೇಶ ಬಿಟ್ಟು ಇಲ್ಲಿಗೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸೋ ಕೆಲಸಕ್ಕೆ ಮೈಸೂರು ಸೀಮೆಗೆ ಬಂದರು. ನಮ್ಮವರ ಹಾಗೇ ಉಟ್ಟು, ನಮ್ಮವರ ಹಾಗೇ ಉಂಡು ಬದುಕಿದರು. ಸಿಡುಬಿನ ಲಸಿಕೆ ಹಾಕಿಸಲು ಊರೂರು ಅಲೆದರು. ಜನ 'ದೊಡ್ಡ ಸ್ವಾಮಿಯವರು' ಅಂತ ಕರೀತಿದ್ದರು. ಒಟ್ಟಿನಲ್ಲಿ ಕಡೆಗಣಿಸುವ ಮನುಷ್ಯನಲ್ಲ.

ಈ ದೊಡ್ಡ ಸ್ವಾಮಿಯವರು 1823ರಲ್ಲಿ ಭಾರತದ ಕ್ರೈಸ್ತರ ಸ್ಥಿತಿಯ ಬಗ್ಗೆ ಬರೆದ ಪತ್ರಗಳು ಪುಸ್ತಕವಾಗಿ ಬಂದವು. ಅದರಲ್ಲಿ 1784ರ ಸೆರೆಯ ಪ್ರಸ್ತಾಪ ಬರುತ್ತೆ. ಆ ವರ್ಷ ಬೂದಿ ಬುಧವಾರದ ದಿನ, ಟಿಪ್ಪುವಿನ ಆಜ್ಞೆಯಂತೆ ಮಂಗಳೂರು ಸೀಮೆಯ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬ್ರಿಟಿಷರಿಗೆ ಸಹಾಯ ಮಾಡಿದರು ಅನ್ನೋದು ಅವರ ಮೇಲಿದ್ದ ಆರೋಪ. ಎಷ್ಟು ಜನ ಅನ್ನೋದರಲ್ಲಿ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ, ದುಬಾಯ್ ಲೆಕ್ಕ 60,000. (ಟಿಪ್ಪು ಪರ-ವಿರೋಧದ ಜಗಳ ದಯವಿಟ್ಟು ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗ ಬೇಕಾದಷ್ಟಿವೆ.) ಬಲವಂತವಾಗಿ ಮತ ಬದಲಿಸಿದರು, ಸುನ್ನತಿ ಮಾಡಿಸಿದರು. ಇಷ್ಟು ಸಾವಿರ ಜನರಲ್ಲಿ ಎದುರು ನಿಂತು ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಇರಲಿಲ್ಲ ಅನ್ನೋ ಅರ್ಥದಲ್ಲಿ ದುಬಾಯ್ ಬರೀತಾರೆ. ಅಂದರೆ ಇವರ ವಿಶ್ವಾಸ ಬರೀ ಮೇಲುಮೇಲಿನದು ಅಂತ.

ನನ್ನ ತಕರಾರು ಇಲ್ಲೇ. ದುಬಾಯ್ ತಾವೇ ಕ್ರಾಂತಿಯ ಕತ್ತಿಗೆ ಸಿಗದೆ ಹಡಗು ಹತ್ತಿದವರು. ತಪ್ಪೇನಿಲ್ಲ, ನಾನಾದರೂ ಹತ್ತುತ್ತಿದ್ದೆ. ಆದರೆ ಹಡಗೇ ಇಲ್ಲದವರನ್ನು 'ಯಾಕೆ ಸಾಯಲಿಲ್ಲ' ಅಂತ ಕೇಳೋದು ಸ್ವಲ್ಪ ಜಾಸ್ತಿ ಆಯ್ತಲ್ವಾ?

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಪಾದ್ರಿಗಳನ್ನು ಗಡೀಪಾರು ಮಾಡಿದ್ದರು, ಚರ್ಚುಗಳು ಹೆಚ್ಚುಕಡಿಮೆ ನೆಲಸಮವಾಗಿದ್ದವು, ಜಮೀನು ಬೇರೆಯವರ ಪಾಲಾಗಿತ್ತು. ಪೂಜೆ ಇಲ್ಲ, ಪ್ರಸಾದ ಇಲ್ಲ, ಮೈ ಮೇಲೆ ಬೇರೆ ಮತದ ಗುರುತು. ಹೀಗೆ 15 ವರ್ಷ. 1799ರಲ್ಲಿ ಬಾಗಿಲು ತೆರೆದಾಗ ಬದುಕುಳಿದವರಲ್ಲಿ ಸಾವಿರಾರು ಜನ ಏನು ಮಾಡಿದರು? ವಾಪಸ್ ಬಂದರು. ಮತ್ತೆ ಚರ್ಚ್ ಕಟ್ಟಿದರು. ಒಳಗೆ ಏನೂ ಇಲ್ಲದಿದ್ದರೆ ವಾಪಸ್ ಬರೋದು ಯಾಕೆ? ಹೊಸ ಹೆಸರಲ್ಲೇ ಆರಾಮಾಗಿ ಇದ್ದುಬಿಡಬಹುದಿತ್ತು. ಸೆರೆಯಲ್ಲೇ ಹುಟ್ಟಿದ ಮಗುವಿಗೆ ಅದು ಯಾರ ಮಗು ಅಂತ ಹೇಳಿಕೊಟ್ಟ ತಾಯಂದಿರ ಹೆಸರು ಯಾವ ಪತ್ರದಲ್ಲೂ ಇಲ್ಲ. ನನ್ನ ಲೆಕ್ಕದಲ್ಲಿ ಅದೂ ಪೂರ್ತಿ ಸಮರ್ಪಣೆಯೇ.

ಹಾಗಂತ ಬಹಿರಂಗವಾಗಿ ಹೇಳಿಕೊಂಡವರನ್ನು ಸಣ್ಣವರು ಮಾಡ್ತಿಲ್ಲ. 1844ರ ಜನವರಿಯಲ್ಲಿ ಮಂಗಳೂರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ದೀಕ್ಷಾಸ್ನಾನ ತಗೊಂಡ. 'ಮಂಗಳೂರ ಸಮಾಚಾರ'ದ ಮೋಗ್ಲಿಂಗ್ ಅವರ ಶಿಷ್ಯ. ಮನೆ ಹೋಯ್ತು, ಜಾತಿ ಹೋಯ್ತು. ಮುಂದೆ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾದರು. ಕೊಡಗಿನಲ್ಲಿ ದಲಿತ ಕ್ರೈಸ್ತರಿಗಾಗಿ ಮೋಗ್ಲಿಂಗ್ ಕಟ್ಟಿದ ಊರಿಗೆ ಆನಂದಪುರ ಅಂತ ಹೆಸರು ಬಂದಿದ್ದು ಇವರಿಂದಲೇ. ದೊಡ್ಡ ಬದುಕು, ಒಪ್ತೀನಿ. ಆದರೆ ಅವರಿಗೆ ಆಗಲೇ ಮದುವೆಯಾಗಿತ್ತು, ಹೆಂಡತಿ ಜೊತೆಗೆ ಬರಲು ಒಪ್ಪಲಿಲ್ಲ. ಆ ಕಾಲದಲ್ಲಿ ಗಂಡ ಹೀಗೆ ಹೊರಟುಹೋದರೆ ಆ ಹೆಣ್ಣುಮಗಳ ಬದುಕು ಏನಾಗಬೇಕು? ಅವರ ಸಮರ್ಪಣೆಯ ಬೆಲೆಯಲ್ಲಿ ಒಂದು ಪಾಲನ್ನು ಕೇಳದೆಯೇ ಈಕೆಯ ಹೆಸರಿಗೆ ಬರೆದ ಹಾಗಾಯ್ತು. ಮಿಷನ್ ಕಥೆಗಳನ್ನು ಹೇಳುವಾಗ ನಾವು ಈ ಪುಟವನ್ನು ಬೇಗ ಮಗುಚಿಬಿಡ್ತೀವಿ.

ಇಷ್ಟೆಲ್ಲ ಹಳೇ ಕಥೆ ಯಾಕೆ ಅಂದರೆ, ನಮ್ಮೂರು ಹಿರಿಯೂರು ತಾಲ್ಲೂಕಿನ ಆದಿವಾಲ. ಆ ಕಡೆ ಇಬ್ಬರು ಅಕ್ಕಂದಿರಿದ್ದಾರೆ, ಹೆಸರು ಬೇಡ. ಇಬ್ಬರೂ ಪರಿಶಿಷ್ಟ ಜಾತಿಯವರು, ಇಬ್ಬರೂ ಯೇಸುವನ್ನು ನಂಬಿದವರು, ಒಂದೇ ಕೂಟದಲ್ಲಿ ಪ್ರಾರ್ಥನೆ ಮಾಡೋರು. ಒಬ್ಬರು ಮಕ್ಕಳ ಶಾಲೆ ದಾಖಲೆಯಲ್ಲಿ 'ಕ್ರಿಶ್ಚಿಯನ್' ಅಂತ ಬರೆಸಿದರು. ಇನ್ನೊಬ್ಬರು ಬರೆಸಲಿಲ್ಲ.

ಬರೆಸಿದರೆ ಏನಾಗುತ್ತೆ ಅಂತ ಗೊತ್ತಿಲ್ಲದವರಿಗೆ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿ ಪಟ್ಟಿಗೆ ಸೇರಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೀತು, ಕ್ರೈಸ್ತರಿಗೆ ಮತ್ತು ಮುಸ್ಲಿಮರಿಗೆ ತೆರೀಲಿಲ್ಲ. ಕರ್ನಾಟಕದಲ್ಲಿ ಪ್ರವರ್ಗ-1ರಲ್ಲಿ ಜಾಗ ಇದೆ ನಿಜ, ಆದರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹೋಗುತ್ತೆ. ಊರಿನವರ ಕಣ್ಣಲ್ಲಿ ಮಾತ್ರ ಜಾತಿ ಎಲ್ಲೂ ಹೋಗಲ್ಲ, ಅದೇ ಕೇರಿ, ಅದೇ ಲೋಟ! ಈ ಆದೇಶ ಬದಲಿಸಿ ಅಂತ ರಂಗನಾಥ ಮಿಶ್ರ ಆಯೋಗ 2007ರಲ್ಲೇ ಹೇಳಿತ್ತು. 2022ರಲ್ಲಿ ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಬಂತು. ಈ ನಡುವೆ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ವಿಶ್ವಾಸ ಇಟ್ಟುಕೊಂಡು ಬರೀ ಮೀಸಲಾತಿಗಾಗಿ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡುವ ಮೋಸ ಅಂತ ಹೇಳಿತು.

ಕಾನೂನಿನ ಮಾತು ಸ್ಪಷ್ಟವಾಗಿದೆ, ಎರಡನೇ ಅಕ್ಕ ಮಾಡಿದ್ದು ಕಾನೂನಿನ ಪ್ರಕಾರ ಸರಿ ಅಂತ ನಾನು ವಾದಿಸಲ್ಲ. ನನ್ನ ಜಗಳ ನಮ್ಮವರ ಜೊತೆ. ಪ್ರಸಂಗ ಪೀಠದಿಂದ 'ಸರ್ಟಿಫಿಕೇಟಿಗೆ ಹೆದರಿ ಕರ್ತನನ್ನು ಬಚ್ಚಿಡುವವರು' ಅಂತ ಚುಚ್ಚುವವರನ್ನು ಕೇಳಿದ್ದೀನಿ. ಚುಚ್ಚುವವರಿಗೆ ಆ ಸರ್ಟಿಫಿಕೇಟಿನ ಅಗತ್ಯವೇ ಬಿದ್ದಿರಲ್ಲ. ನನ್ನ ದಾಖಲೆಯಲ್ಲೂ ಕ್ರಿಶ್ಚಿಯನ್ ಅಂತಲೇ ಇದೆ, ಅದರಿಂದ ನನ್ನ ಇಂಜಿನಿಯರಿಂಗ್ ಸೀಟಾಗಲಿ ಕೆಲಸವಾಗಲಿ ಹೋಗಲಿಲ್ಲ. ಹಾಗಾಗಿ ನನ್ನ ಧೈರ್ಯದ ಬೆಲೆ ಸೊನ್ನೆ.

ಇನ್ನೊಂದು ಕಡೆ, 2021ರಲ್ಲಿ ನಮ್ಮ ಪಕ್ಕದ ಹೊಸದುರ್ಗದ ಆಗಿನ ಶಾಸಕರು ಗೂಳಿಹಟ್ಟಿ ಶೇಖರ್, ತಮ್ಮ ತಾಯಿಯೇ ಮತಾಂತರ ಆಗಿದ್ದಾರೆ ಅಂತ ವಿಧಾನಸಭೆಯಲ್ಲಿ ಹೇಳಿದ್ದು ನೆನಪಿರಬಹುದು. ಆಮೇಲೆ ಬಂದ ಮತಾಂತರ ಕಾಯ್ದೆಯ ಪ್ರಕಾರ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು, ಅದು ನೋಟಿಸ್ ಬೋರ್ಡಿಗೆ ಹೋಗುತ್ತೆ, ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಕಾಯ್ದೆ ರದ್ದು ಮಾಡ್ತೀವಿ ಅಂತ 2023ರ ಜೂನ್‌ನಲ್ಲಿ ಸಂಪುಟ ನಿರ್ಧರಿಸಿತು. ಆದರೆ ಆ ನೋಟಿಸ್ ಬೋರ್ಡಿನ ಭಯ ಹಳ್ಳಿಗಳಲ್ಲಿ ಅಷ್ಟು ಬೇಗ ಇಳಿಯಲ್ಲ. ಒಂದು ಕಡೆಯವರು ಯಾಕೆ ಹೇಳಲಿಲ್ಲ ಅಂತಾರೆ, ಇನ್ನೊಂದು ಕಡೆಯವರು ಹೇಳಿದರೆ ನೋಡ್ಕೋತೀವಿ ಅಂತಾರೆ.

ಕಷ್ಟದ ಬಗ್ಗೆ ಇನ್ನೊಂದು ಮಾತು. ನಂಬಿದರೆ ಕಷ್ಟ ತೀರುತ್ತೆ ಅನ್ನೋ ಪ್ರಸಂಗ ಈಗ ಬಹಳ ಜೋರು. ಬರಗಾಲದ ವರ್ಷಗಳಲ್ಲಿ ಮಾರಿಕಣಿವೆ ತಳ ಕಂಡಾಗ ನಮ್ಮ ಕಡೆ ತೆಂಗಿನ ತೋಟಗಳು ಸಾಲುಸಾಲಾಗಿ ಒಣಗಿದವು, ನಂಬಿದವರದೂ, ನಂಬದವರದೂ. 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿದ್ದಾಗ ನೀರು ಎಲ್ಲರಿಗೂ ಬಂತು. ಆ ಬರದಲ್ಲಿ ಮೊದಲನೇ ಅಕ್ಕನ ಇದ್ದ ಹತ್ತು ಮರ ಹೋದವು. ಅವರ ಮಗನ ಫೀಸಿಗೆ ಸಂಘದ ಸಾಲ ಎತ್ತಿ ಕೊಟ್ಟಿದ್ದು ಎರಡನೇ ಅಕ್ಕ, ಅದೇ ದಾಖಲೆಯಲ್ಲಿ ಬರೆಸದ ಅಕ್ಕ. ಪ್ರತಿ ವಾರ ಕಂತನ್ನು ಕೂಲಿಗೆ ಹೋಗಿ ಇಬ್ಬರೂ ಸೇರಿ ಕಟ್ಟಿದರು. ಇವರಲ್ಲಿ ಯಾರದು ಪೂರ್ತಿ, ಯಾರದು ಅರ್ಧ ಅಂತ ಹೇಳೋರು ಮೊದಲು ಆ ಸಂಘದ ಪಾಸ್‌ಬುಕ್ ನೋಡಲಿ.