ಗೊಂಬೆಮನೆಗೆ ಗರಗಸ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಆರೂವರೆ ಸಾವಿರ ರೂಪಾಯಿ ಕೊಟ್ಟು ತರಿಸಿದ ಮರದ ಗೊಂಬೆಮನೆ ಕಿಟ್‌ನ ಗೋಡೆಗೆ ನಾನೇ ಕೈಯಾರೆ ಗರಗಸ ಹಾಕಿದ್ದೇನೆ. ಇಲ್ಲಿವರೆಗೆ ನಾಲ್ಕು ಕಿಟಕಿ ಕೊಯ್ದು ದೊಡ್ಡದು ಮಾಡಿದ್ದೇನೆ. ಅರ್ಧ ಕೊಯ್ದ ಗೋಡೆಯ ಫೋಟೋವನ್ನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಮಾತ್ರ ತಪ್ಪಾಯ್ತು. ಹತ್ತು ನಿಮಿಷದಲ್ಲಿ ಸಂತಾಪ ಸಭೆ ಶುರು. "ಅಯ್ಯೋ, ಒಳ್ಳೇ ಕಿಟ್ ಹಾಳು ಮಾಡಿದ್ರಲ್ಲ." "ಇನ್ನು ರಿಟರ್ನ್ ತಗೊಳ್ಳಲ್ಲ ಅವ್ರು." ಕೊನೆಗೆ ಮೇಲಿನ ಮಹಡಿಯ ಒಬ್ಬರು, ತುಂಬ ಕಾಳಜಿಯಿಂದಲೇ, "ಅಷ್ಟು ಬೇಕಿದ್ರೆ ಕಾರ್ಪೆಂಟರ್‌ನ ಕರೆಸಬಹುದಿತ್ತಲ್ಲ ಸಾರ್?"

ಗ್ರೂಪಿನಲ್ಲಿ ಕೈಮುಗಿಯೋ ಇಮೋಜಿ ಹಾಕಿ ಸುಮ್ಮನಾದೆ. ಇಲ್ಲಿ ಸುಮ್ಮನಿರಲ್ಲ.

ಹಾಳು ಅನ್ನೋ ಮಾತಿನಿಂದಲೇ ಶುರು ಮಾಡೋಣ. ಪೆಟ್ಟಿಗೆಯಿಂದ ಹೊರಬಂದಾಗ ಆ ಮನೆ ಹೇಗಿತ್ತು ಗೊತ್ತಾ? ಒಂದು ಇಂಚಿಗೆ ಒಂದು ಅಡಿ ಲೆಕ್ಕ, ಅಂದರೆ 1:12 ಅಳತೆ. ಮುಂದಿನ ಕೋಣೆಯ ನೆಲ ಹತ್ತು ಇಂಚು ಉದ್ದ, ಒಂಬತ್ತು ಇಂಚು ಅಗಲ. ಅದಕ್ಕೆ ಇದ್ದದ್ದು ಒಂದೇ ಕಿಟಕಿ, ಎರಡು ಇಂಚು ಅಗಲ ಮೂರು ಇಂಚು ಎತ್ತರ. ನೆಲ 90 ಚದರ ಇಂಚು, ಕಿಟಕಿ 6. ಹದಿನೈದರಲ್ಲಿ ಒಂದು ಭಾಗ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮನುಷ್ಯರು ವಾಸ ಮಾಡೋ ಕೋಣೆಗೆ ಒಣ ಬಿಸಿಯ ಊರಾದರೆ ನೆಲದ ಹತ್ತನೇ ಒಂದು ಭಾಗ, ತೇವದ ಬಿಸಿಯ ಊರಾದರೆ ಆರನೇ ಒಂದು ಭಾಗ ಕಿಟಕಿ ಇರಲಿ ಅನ್ನುತ್ತೆ. ಗೊಂಬೆಗೆ ಕಟ್ಟಡ ಸಂಹಿತೆ ಅನ್ವಯಿಸಲ್ಲ, ಗೊತ್ತು. ಆದರೆ ಇಳಿಜಾರು ಚಾವಣಿ, ಹೊಗೆಗೂಡು ಎಲ್ಲ ಇಟ್ಟು ಹಿಮ ಬೀಳೋ ಊರಿಗೆ ಅಂತ ಬರೆದ ನಕ್ಷೆ ಬೆಂಗಳೂರಿನ ಬಾಲ್ಕನಿಗೆ ಬಂದಿದೆ. ಅದನ್ನ ವೇದವಾಕ್ಯ ಅಂತ ಯಾಕೆ ತಗೋಬೇಕು? ಎಲ್ಲೋ ಒಬ್ಬ ಡಿಸೈನರ್ ಒಂದು ಮಧ್ಯಾಹ್ನ ಸ್ಕ್ರೀನ್ ಮೇಲೆ ಎಳೆದ ಆಯತ ಅದು. ನಾನೂ ದಿನಾ ಅಂಥ ಎಷ್ಟೋ ನಂಬರ್‌ಗಳನ್ನ ಕೋಡಿನಲ್ಲಿ ಹಾಕ್ತೀನಿ. ಅದರಲ್ಲಿ ಎಷ್ಟು ಯೋಚಿಸಿ ಹಾಕಿದ್ದು, ಎಷ್ಟು ಕಾಫಿಗೆ ಹೋಗೋ ಅವಸರದಲ್ಲಿ ಹಾಕಿದ್ದು ಅಂತ ನನಗೇ ಗೊತ್ತು.

"ಹಿಂಬದಿ ಪೂರ್ತಿ ತೆರೆದೇ ಇರುತ್ತಲ್ಲ, ಬೆಳಕು ಅಲ್ಲಿಂದ ಬರುತ್ತೆ" ಅಂತ ಇನ್ನೊಬ್ಬ ಸಹೋದ್ಯೋಗಿಯ ವಾದ. ಈ ವಾದಕ್ಕೆ ಸ್ವಲ್ಪ ತೂಕ ಇದೆ, ಅದಕ್ಕೇ ಉತ್ತರ ಕೊಡ್ತೀನಿ. ಹಿಂಬದಿ ತೆರೆದಿರೋದು ನಮ್ಮ ಕೈ ತೂರಲಿ ಅಂತ. ಅಲ್ಲಿಂದ ನೋಡಿದರೆ ಅದು ಕಪಾಟು, ನಾಲ್ಕು ಖಾನೆ. ಮನೆ ಅನ್ನಿಸೋದು ಹೊರಗಿನಿಂದ ಕಿಟಕಿಯೊಳಗೆ ಇಣುಕಿದಾಗ. ಎಲ್ಲ ಮಕ್ಕಳೂ ಮೊದಲು ಮಾಡೋದು ಅದನ್ನೇ, ಗಮನಿಸಿ. ನನ್ನ ಮಗಳು ಕೆನ್ನೆ ನೆಲಕ್ಕೆ ಒತ್ತಿ, ಕಣ್ಣು ಕಿಟಕಿಗೆ ಇಟ್ಟು, "ಅಪ್ಪಾ, ಒಂದೇ ಕಣ್ಣಲ್ಲಿ ಕಾಣ್ತದೆ" ಅಂದಳು. ಅವಳು ಸರಿಯಾಗೇ ಹೇಳಿದ್ದಳು. ಮನೆಯನ್ನ ಹನ್ನೆರಡು ಪಾಲು ಸಣ್ಣದು ಮಾಡಬಹುದು, ನೋಡೋರ ಕಣ್ಣನ್ನ ಮಾಡಕ್ಕಾಗಲ್ಲ. ದೊಡ್ಡವರ ಎರಡು ಕಣ್ಣಿನ ಪಾಪೆಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ ಇರುತ್ತೆ, ಮಕ್ಕಳಿಗೆ ಸ್ವಲ್ಪ ಕಮ್ಮಿ. ಎರಡು ಇಂಚು ಅಂದರೆ ಐದು ಸೆಂಟಿಮೀಟರ್. ಎರಡೂ ಕಣ್ಣು ಒಟ್ಟಿಗೆ ಹಾಯೋದು ಕಷ್ಟ. ಮೂರು ಇಂಚು ಅಂದರೆ ಏಳೂವರೆ ಸೆಂಟಿಮೀಟರ್, ಆರಾಮಾಗಿ ಹಾಯುತ್ತವೆ. ಎರಡೂ ಕಣ್ಣು ಹಾಯ್ದಾಗಲೇ ಒಳಗಿನ ಮಂಚ ಹತ್ತಿರ, ಗೋಡೆ ದೂರ ಅಂತ ಆಳ ಚೆನ್ನಾಗಿ ಕಾಣೋದು. ಒಂದೇ ಕಣ್ಣಿಗೆ ಅದು ಹೆಚ್ಚುಕಮ್ಮಿ ಕ್ಯಾಲೆಂಡರ್ ಚಿತ್ರ.

ಎಡ್ವಿನ್ ಲುಟ್ಯೆನ್ಸ್ ಗೊತ್ತಲ್ಲ, ನವದೆಹಲಿಯ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ. ಅದೇ ಕಾಲದಲ್ಲಿ, 1921ರಿಂದ 1924ರ ನಡುವೆ, ಇಂಗ್ಲೆಂಡಿನ ರಾಣಿ ಮೇರಿಗೆ ಇದೇ 1:12 ಅಳತೆಯಲ್ಲಿ ಒಂದು ಗೊಂಬೆಮನೆ ಮಾಡಿಸಿದ. ಈಗಲೂ ವಿಂಡ್ಸರ್ ಕೋಟೆಯಲ್ಲಿದೆ. ಅದರಲ್ಲಿ ಹೊರಗಿನ ಗೋಡೆಗಳ ಕವಚವೇ ಲಿಫ್ಟ್ ಥರ ಮೇಲಕ್ಕೆ ಏಳುತ್ತೆ, ಒಳಗಿನದೆಲ್ಲ ಕಾಣಲಿ ಅಂತ. ನಮ್ಮ ಹತ್ತಿರ ಲಿಫ್ಟ್ ಇಲ್ಲ, ಇಪ್ಪತ್ತು ಬ್ಲೇಡಿನ ಪ್ಯಾಕೆಟ್ ಇದೆ.

ಸರಿ, ಕೊಯ್ಯೋದು ಅಷ್ಟು ಕಷ್ಟವಾ? ಇಲ್ಲ. ಆದರೆ ಅವಸರದ್ದಲ್ಲ. ಮೊದಲ ಕಿಟಕಿ ನಾನು ಕೆಡಿಸಿದೆ, ಮುಚ್ಚಿಡಲ್ಲ. ಪೆನ್ಸಿಲ್ ಗೆರೆ ಎಳೆದು ನೇರ ಗರಗಸ ಹಾಕಿದೆ. ಮೂಲೆಯಲ್ಲಿ ಬ್ಲೇಡು ತಿರುಗಲಿಲ್ಲ, ಬಲ ಹಾಕಿದೆ, ಮೇಲಿನ ಪದರ ಎಳೆ ಹಿಡಿದು ಒಂದೂವರೆ ಇಂಚು ಸೀಳಿಕೊಂಡು ಹೋಯ್ತು. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದೆ. ಬಣ್ಣ ಹೊಡೆದ ಮೇಲೂ ಬೆರಳಿಟ್ಟರೆ ಗೊತ್ತಾಗುತ್ತೆ.

ಎರಡನೆಯದರಿಂದ ಬುದ್ಧಿ ಬಂತು. ಮನೆ ಜೋಡಿಸೋದಕ್ಕೆ ಮುಂಚೆಯೇ ಕೊಯ್ಯಬೇಕು, ಗೋಡೆ ಮೇಜಿನ ಮೇಲೆ ಚಪ್ಪಟೆ ಮಲಗಿರುವಾಗ. ಆದರೆ ಕೊಯ್ಯೋ ಮುಂಚೆ ಅಂಟು ಹಾಕದೆ ಬರೀ ಮಾಸ್ಕಿಂಗ್ ಟೇಪಿನಲ್ಲಿ ಇಡೀ ಮನೆ ಒಂದು ಸಲ ನಿಲ್ಲಿಸಿ ನೋಡಬೇಕು. ಯಾಕಂದ್ರೆ ಈ ಕಿಟ್‌ಗಳ ಜೀವ ಇರೋದು ನಾಲಿಗೆ ಮತ್ತು ಕಂಡಿಗಳಲ್ಲಿ. ಒಂದು ಹಲಗೆಯ ನಾಲಿಗೆ ಇನ್ನೊಂದರ ಕಂಡಿಗೆ ಕೂರುತ್ತೆ. ಮಹಡಿಯ ಕಿಟಕಿಯನ್ನ ನಾನು ಕೆಳಕ್ಕೆ ದೊಡ್ಡದು ಮಾಡಿದ್ದಿದ್ದರೆ ಸೀದಾ ಮಹಡಿ ನೆಲ ಕೂರೋ ಕಂಡಿಗೇ ಬೀಳ್ತಿತ್ತು. ಹಾಗಾಗಿ ಅದನ್ನ ಮೇಲಕ್ಕೆ ಬೆಳೆಸಿದೆ. ಮೆಟ್ಟಿಲು, ಒಳಗೋಡೆ ಎಲ್ಲಿ ಬಂದು ತಾಗುತ್ತೆ ಅನ್ನೋದೂ ಟೇಪು ಹಾಕಿ ನಿಲ್ಲಿಸಿದಾಗಲೇ ಗೊತ್ತಾಗೋದು. ಗೋಡೆಯ ಅಂಚಿನಿಂದ, ಕಂಡಿಗಳಿಂದ ನಾನು ಒಂದೊಂದು ಇಂಚು ಬಿಟ್ಟಿದ್ದೇನೆ. ಮೂರು ಮಿಲಿಮೀಟರ್ ಪ್ಲೈವುಡ್ಡಿಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಆಮೇಲೆ ಹೊಸ ಗೆರೆಯ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಚೂಪು ಚಾಕುವಿನಿಂದ ಎರಡು ಮೂರು ಸಲ ಗೀರೋದು, ಮುಖ್ಯವಾಗಿ ಮರದ ಎಳೆಗೆ ಅಡ್ಡ ಬರೋ ಗೆರೆಗಳನ್ನ. ಮೇಲಿನ ಪದರ ಮೊದಲೇ ತುಂಡಾಗಿದ್ದರೆ ಸೀಳು ಓಡಲ್ಲ. ಹಿಂಬದಿಗೆ ಟೇಪು. ನಾಲ್ಕು ಮೂಲೆಗೂ ಗೆರೆಯ ಒಳಗೆ ಒಂದೊಂದು ತೂತು. ಕೋಪಿಂಗ್ ಗರಗಸದ ಬ್ಲೇಡನ್ನ ಒಂದು ತುದಿ ಬಿಚ್ಚಿ ಹಳೇ ಕಿಟಕಿಯೊಳಗಿಂದ ತೂರಿಸಿ ಮತ್ತೆ ಬಿಗಿಯೋದು. ಹಲ್ಲುಗಳು ಹಿಡಿಯ ಕಡೆಗೆ, ಹಿಡಿ ಹಲಗೆಯ ಕೆಳಗೆ, ಕೊಯ್ತ ಕೆಳಕ್ಕೆ ಎಳೆದಾಗ. ಸಿಬಿರು ಏಳೋದು ತಳಭಾಗದಲ್ಲಿ, ಹಾಗಾಗಿ ಚೆಂದದ ಮುಖ ಮೇಲೆ. ಗೆರೆಯ ಮೇಲೆ ಕೊಯ್ಯಬಾರದು, ಒಂದು ಮಿಲಿಮೀಟರ್ ಒಳಗೇ ಕೊಯ್ದು ಉಳಿದದ್ದನ್ನ ಅರದಿಂದ ಗೆರೆವರೆಗೆ ಉಜ್ಜಬೇಕು. ನಿಮ್ಮ ಕಿಟ್ ಪ್ಲೈವುಡ್ ಬದಲು ಎಂಡಿಎಫ್ ಆಗಿದ್ದರೆ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಒಳ್ಳೇದಲ್ಲ. ಮಕ್ಕಳನ್ನ ಬಾಲ್ಕನಿಯಿಂದ ಆಚೆ ಕಳಿಸಿ.

ಈ ಅರ ಹಿಡಿಯೋದು ನನಗೆ ಇಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಹೇಳಿಕೊಟ್ಟಿದ್ದರು. ಫಿಟ್ಟಿಂಗ್ ಲ್ಯಾಬು, ಕಬ್ಬಿಣದ ಎರಡು ತುಂಡನ್ನ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರೋ ಹಾಗೆ ಮಾಡಬೇಕು. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಸೀನಿಯರ್‌ಗಳ ಹಳೇ ಮಾಡೆಲ್ ತಂದು ತುಕ್ಕು ಉಜ್ಜಿ ಕೊಟ್ಟು ಪಾಸಾದರು. ನಾನೂ ಅದರಲ್ಲಿ ಒಬ್ಬ. ಹೀಗೆ ನಾನು ಬ್ಯಾಚುಲರ್ ಆಫ್ ಇಂಜಿನಿಯರಿಂಗ್.

ಅದಕ್ಕೇ "ಕಾರ್ಪೆಂಟರ್‌ನ ಕರೆಸಬಹುದಿತ್ತಲ್ಲ" ಅನ್ನೋ ಮಾತು ಚುಚ್ಚಿದ್ದು. ಅದು ನನಗೆ ಹೊಸ ಮಾತಲ್ಲ. ಊರಲ್ಲಿ ಆಚಾರಿ ನಮ್ಮ ಜಗಲಿಯಲ್ಲಿ ಕೂತು ನೇಗಿಲು ಕೆತ್ತುವಾಗ ನಾನು ಉಳಿ ಮುಟ್ಟಿದರೆ ಮನೆಯವರು ಗದರುತ್ತಿದ್ದರು. ಕೈ ಕೊಯ್ಕೊಳ್ತೀಯ ಅಂತ ಅಲ್ಲ, "ಓದೋ ಹುಡುಗನಿಗೆ ಅದೆಲ್ಲ ಯಾಕೆ" ಅಂತ. ಅದರ ಹಿಂದಿನ ಮಾತು ಏನು ಅಂತ ನಿಮಗೂ ಗೊತ್ತು. ಮರ ಮುಟ್ಟೋ ಜನ ಬೇರೆ, ಪುಸ್ತಕ ಮುಟ್ಟೋ ಜನ ಬೇರೆ. ಊರು ಬಿಟ್ಟು ಹದಿನಾಲ್ಕನೇ ಮಹಡಿಗೆ ಬಂದರೂ ಅದೇ ಮಾತು ಲಿಫ್ಟ್ ಹತ್ತಿ ಹಿಂದೇನೇ ಬಂದಿದೆ, ಇಂಗ್ಲಿಷ್ ಕಲಿತುಕೊಂಡು. ಕಾರ್ಪೆಂಟರ್ ಬಂದರೆ ನನಗಿಂತ ನೂರು ಪಾಲು ಚೆನ್ನಾಗಿ ಮಾಡ್ತಾನೆ, ಅದರಲ್ಲಿ ಅನುಮಾನ ಇಲ್ಲ. ಅಡುಗೆಮನೆ ಕಪಾಟಿಗೆ ಅವನನ್ನೇ ಕರೀತೀನಿ. ಆದರೆ ಆಟದ ಸಾಮಾನಿನ ಮೂರು ಇಂಚು ಮರ ಕೊಯ್ಯೋದಕ್ಕೂ ನಮ್ಮ ಕೈ ಮೈಲಿಗೆ ಅಂದ್ಕೊಂಡರೆ, ನಮ್ಮ ಮಕ್ಕಳು ನಮ್ಮಿಂದ ನೋಡಿ ಕಲಿಯೋದು ಏನನ್ನ? ಆಫೀಸಿನಲ್ಲಿ "ಕಸ್ಟಮೈಸ್" ಅನ್ನೋ ಪದ ಬಾಯಿಂದ ಇಳಿಯಲ್ಲ. ಮನೆಯಲ್ಲಿ ಪೆಟ್ಟಿಗೆ ಜೊತೆ ಬಂದ ಹಾಳೆಯ ಎಂಟನೇ ಹೆಜ್ಜೆ ದಾಟಿ ಹೋಗೋಕೆ ಹೆದರಿಕೆ, ಅಲ್ಲಿ ಅನ್‌ಡೂ ಬಟನ್ ಇಲ್ಲವಲ್ಲ.

ನಮ್ಮ ಊರ ಮನೆಗೂ ಒಂದು ಕಿಟಕಿ ಹೀಗೇ ಬಂದಿದ್ದು. ನಡುಮನೆಗೆ ಇದ್ದದ್ದು ಹೆಂಚಿನ ನಡುವೆ ಒಂದು ಗಾಜಿನ ಬೆಳಕಿಂಡಿ ಅಷ್ಟೇ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮಣ್ಣಿನ ಗೋಡೆ ಒಡೆಸೋಕೆ ಹೊರಟರು. ಒಂದೂವರೆ ಅಡಿ ದಪ್ಪದ ಗೋಡೆ. ಅಜ್ಜಿ ಎರಡು ದಿನ ಊಟ ಬಿಟ್ಟಳು. "ನಿಂತಿರೋ ಗೋಡೆಗೆ ಯಾಕೋ ತೂತು ಹೊಡೀತೀಯ?" ಮೊದಲು ಮೇಲೆ ಕಲ್ಲುಚಪ್ಪಡಿ ಸೇರಿಸಿ ಭಾರ ಹೊರಿಸಿ, ಆಮೇಲೆ ಕೆಳಗೆ ಮಣ್ಣು ಬಿಡಿಸಿದರು. ಗೋಡೆ ನಿಂತಿತು. ಆ ಕಿಟಕಿಯಿಂದ ಸೊಳ್ಳೆ ಬರುತ್ತೆ ಅಂತ ಅಜ್ಜಿ ಸಾಯೋವರೆಗೂ ಬೈದಳು. ಬೈಯುತ್ತಾ ಕೂರುತ್ತಿದ್ದದ್ದು ಅದೇ ಕಿಟಕಿ ಪಕ್ಕ, ಅಕ್ಕಿ ಆರಿಸೋಕೆ ಅಲ್ಲೇ ಬೆಳಕು ಚೆನ್ನಾಗಿತ್ತು.

ಇಲ್ಲಿ ಚಪ್ಪಡಿ ಬೇಕಿಲ್ಲ, ಪ್ಲೈವುಡ್ ತನ್ನ ಭಾರ ತಾನೇ ಹೊರುತ್ತೆ. ಬೇರೆ ತಾಪತ್ರಯ ಒಂದಿದೆ. ಕಿಂಡಿ ದೊಡ್ಡದು ಮಾಡಿದ ಕೂಡಲೇ ಕಿಟ್ ಜೊತೆ ಬಂದ ಚೌಕಟ್ಟು ಯಾವುದೂ ಕೂರಲ್ಲ. ಗ್ರೂಪಿನವರು ಇದನ್ನ ಕೇಳಿದ್ದರೆ ನಾನು ಸ್ವಲ್ಪ ತಡವರಿಸ್ತಿದ್ದೆ, ಅವರಿಗೆ ಹೊಳೆಯಲಿಲ್ಲ. ಐಸ್‌ಕ್ರೀಂ ಕಡ್ಡಿಯನ್ನ ಉದ್ದಕ್ಕೆ ಎರಡು ಸೀಳು ಮಾಡಿದರೆ ಸುಮಾರು ಐದು ಮಿಲಿಮೀಟರ್ ಪಟ್ಟಿ ಸಿಗುತ್ತೆ. 1:12ರಲ್ಲಿ ಅದು ಆರು ಸೆಂಟಿಮೀಟರ್ ಚೌಕಟ್ಟು, ನಮ್ಮ ಮನೆ ಕಿಟಕಿಗೆ ಇರೋದಕ್ಕೆ ಹತ್ತಿರ ಹತ್ತಿರ. ಗಾಜಿಗೆ ಹಳೇ ಓಎಚ್‌ಪಿ ಹಾಳೆ. ಎಲ್ಲ ಮುಗಿಯಿತು ಅಂದ್ಕೊಂಡಾಗ ಮಗಳು, "ಸರಳು ಎಲ್ಲಿ?" ಅಂದಳು. ಸರಳಿಲ್ಲದ ಕಿಟಕಿಯನ್ನ ಅವಳು ನೋಡೇ ಇಲ್ಲ. ಕಡ್ಡಿಪೊರಕೆಯಿಂದ ಆರು ಕಡ್ಡಿ ಕಿತ್ತು ಕಪ್ಪು ಬಣ್ಣ ಹೊಡೆದು ಕೂರಿಸಿದ್ವಿ.

ಮುಂದಿನ ಕೋಣೆಯ ಕಿಟಕಿ ಈಗ ಮೂರು ಇಂಚು ಅಗಲ, ಐದು ಇಂಚು ಎತ್ತರ. 15 ಚದರ ಇಂಚು, ನೆಲದ ಸರಿಯಾಗಿ ಆರನೇ ಒಂದು ಭಾಗ. ಸಂಜೆ ನಾಲ್ಕಕ್ಕೆ ಪಶ್ಚಿಮದ ಬಾಲ್ಕನಿಯ ಬಿಸಿಲು ಅದರೊಳಗೆ ಬಿದ್ದು, ಸರಳಿನ ನೆರಳು ನೆಲದ ಮೇಲೆ ಓರೆಯಾಗಿ ಮಲಗುತ್ತೆ. ಮಗಳು ಬಿಸಿಲು ಸರಿದ ಹಾಗೆ ಗೊಂಬೆಯ ಮಂಚ ಸರಿಸ್ತಾಳೆ. ಗ್ರೂಪಿಗೆ ಈ ಫೋಟೋ ಹಾಕಿಲ್ಲ.

ಅಡುಗೆಮನೆ ಗೋಡೆ ಇನ್ನೂ ಬಾಕಿ. ಒಲೆ ಮೇಲೇ ಕಿಟಕಿ ಬೇಕು ಅಂತಾಳೆ ಅವಳು. ಅಲ್ಲಿ ಕಂಡಿ ಮುಕ್ಕಾಲು ಇಂಚು ದೂರದಲ್ಲಿದೆ, ಆಗಲ್ಲ ಅಂತೀನಿ ನಾನು. ಈ ಶನಿವಾರ ಮತ್ತೆ ಟೇಪು ಹಾಕಿ ನಿಲ್ಲಿಸಿ ನೋಡಬೇಕು.