ಜಾಂಜಿಬಾರ್: ನಿಂತಿದೆ ಎಂಬ ಧೈರ್ಯ ಸಾಲದು

2020ರ ಕ್ರಿಸ್‌ಮಸ್ ದಿನ ಜಾಂಜಿಬಾರ್‌ನ ಹಳೆಯ ಬಂದರು ಪೇಟೆ ಸ್ಟೋನ್ ಟೌನ್‌ನಲ್ಲಿ ಬೇತ್ ಅಲ್ ಅಜಾಯಿಬ್ ಅರಮನೆಯ ಮುಂಭಾಗ ಗಡಿಯಾರದ ಗೋಪುರದ ಸಮೇತ ಕುಸಿದು ಇಬ್ಬರು ಸತ್ತರು. ಸುಲ್ತಾನ್ ಬರ್ಗಶ್ 1883ರಲ್ಲಿ ಕಟ್ಟಿಸಿದ ಈ ಸೌಧ 1896ರ ಬ್ರಿಟಿಷ್ ಫಿರಂಗಿಗಳನ್ನೂ ತಾಳಿಕೊಂಡಿತ್ತು. ಅದು ಹೇಳದೆ ಕೇಳದೆ ಬೀಳಲಿಲ್ಲ. 2012ರಲ್ಲೇ ಮೊಗಸಾಲೆಯ ಒಂದು ಭಾಗ ಉದುರಿತ್ತು. ಕೊನೆಗೆ ದುರಸ್ತಿಗೆ ಕೈಹಾಕಿದರು. ಕೆಲಸ ನಡೆಯುತ್ತಿರುವಾಗಲೇ ಗೋಡೆ ಕೈಕೊಟ್ಟಿತು.

ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ಮ್ಕುನಾಜಿನಿಯಲ್ಲಿ, ಆಂಗ್ಲಿಕನ್ ಸಭಾಪ್ರಾಂತ್ಯದ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ಇದೆ. 1873ರಲ್ಲಿ ಗುಲಾಮರ ಸಂತೆ ಮುಚ್ಚಿದ ಮೇಲೆ ಬಿಷಪ್ ಎಡ್ವರ್ಡ್ ಸ್ಟೀರ್ ಆ ನೆಲದಲ್ಲೇ ಇದನ್ನು ಕಟ್ಟಿಸಿದರು. ಹವಳದ ಕಲ್ಲಿನ ಪುಡಿ ಮತ್ತು ಸಿಮೆಂಟು ಕಲಸಿ ಹಾಕಿದ ಅದರ ಕಮಾನು ಮಾಳಿಗೆ ನಿಲ್ಲುವುದೇ ಇಲ್ಲವೆಂದು ಅಂದಿನವರು ಶಂಕಿಸಿದ್ದರಂತೆ. ನಿಂತಿತು. ನಮ್ಮನ್ನು ಕಾಡುವುದು ಆ ನಿಂತ ಸಂಗತಿಯಿಂದ ಹುಟ್ಟಿಕೊಳ್ಳುವ ಧೈರ್ಯ. ಫಿರಂಗಿಗೆ ಬೀಳದ್ದು ಮಳೆಗೆ ಬಿದ್ದೀತೇ ಎಂಬ ಧೈರ್ಯ ಅರಮನೆಯ ವಿಷಯದಲ್ಲೂ ಇತ್ತು.

ಸ್ಟೋನ್ ಟೌನ್‌ನ ಮನೆಗಳು ಹವಳದ ಕಲ್ಲು, ಸುಣ್ಣದ ಗಾರೆ, ಕಾಂಡ್ಲಾ ಮರದ ಜಂತೆಗಳಿಂದ ಆದವು. ಜಂತೆಯ ಉದ್ದ ಎಷ್ಟೋ ಕೋಣೆಯ ಅಗಲ ಅಷ್ಟೇ. ಸುಣ್ಣದ ಗೋಡೆ ಕುಡಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಉಳಿದು ಗಾರೆಯನ್ನು ಸಡಿಲಿಸುತ್ತದೆ, ಗೋಡೆಯೊಳಗೆ ಹುದುಗಿದ ಜಂತೆಯ ತುದಿಯನ್ನು ಕೊಳೆಸುತ್ತದೆ. ಈ ಕಾಯಿಲೆ ನಮ್ಮ ಕರಾವಳಿಯ ಹಳೆಯ ಮನೆಗಳವರಿಗೂ ಹೊಸದಲ್ಲ. ಲಕ್ಷಣಗಳೂ ಕಾರಣಗಳೂ ಸಣ್ಣವು: ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪದರ, ಮುರಿದ ಮಳೆನೀರಿನ ದೋಣಿ, ಬಿರುಕಿನಲ್ಲೊಂದು ಸಸಿ, ಅತಿಥಿಗೃಹವಾದ ಮನೆಯ ಮೇಲಂತಸ್ತಿಗೆ ಹೊಸದಾಗಿ ಬಂದ ಸ್ನಾನದ ಮನೆ, ಮಾಳಿಗೆಗೆ ಏರಿದ ನೀರಿನ ಟ್ಯಾಂಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ. ಅಕ್ಕಪಕ್ಕದ ಮನೆಗಳು ಒಂದನ್ನೊಂದು ಒರಗಿ ನಿಂತ ಆ ಓಣಿಗಳಲ್ಲಿ ಒಂದು ಮನೆ ಜಾರಿದರೆ ನೆರೆಯ ಗೋಡೆಯೂ ಆಧಾರ ಕಳೆದುಕೊಳ್ಳುತ್ತದೆ.

ಪಟ್ಟಣ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ, ಇನ್ನೇನು ಎನ್ನುವವರಿದ್ದಾರೆ. ಅರಮನೆ ಬಿದ್ದದ್ದು ಆ ಪಟ್ಟಿಯಲ್ಲಿದ್ದಾಗಲೇ. ಪಟ್ಟಿಯಾದರೂ ಶಾಶ್ವತವೇ? ಇನ್ನೊಂದು ಬಂದರು ನಗರ ಲಿವರ್‌ಪೂಲ್ 2021ರಲ್ಲಿ ಅದರಿಂದ ಹೊರಬಿತ್ತು.

ಕೆಥೆಡ್ರಲ್‌ಗೆ ಕಳೆದ ದಶಕದಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಮತ್ತು ಯುರೋಪಿಯನ್ ಒಕ್ಕೂಟದ ನೆರವಿನಿಂದ ದೊಡ್ಡ ದುರಸ್ತಿಯಾಯಿತು. ಒಳ್ಳೆಯ ಕೆಲಸ. ಆದರೆ ಹೊರಗಿನ ಹಣ ಒಮ್ಮೆ ಬರುತ್ತದೆ, ಮಳೆ ವರ್ಷಕ್ಕೆರಡು ಸಲ ಬರುತ್ತದೆ. ಬಹುತೇಕ ಮುಸ್ಲಿಮರೇ ಇರುವ ದ್ವೀಪದಲ್ಲಿ ಈ ಸಭಾಪ್ರಾಂತ್ಯದ ಮಂದಿ ಕಡಿಮೆ. ಕೆಥೆಡ್ರಲ್ ಆವರಣದ ಗುಲಾಮರ ಸ್ಮಾರಕ ನೋಡಲು ಬರುವ ಪ್ರವಾಸಿಗರ ಸಂಖ್ಯೆ ಕಂಡು ಕಟ್ಟಡ ಸುಖವಾಗಿದೆ ಎಂದುಕೊಳ್ಳುವುದು ಸುಲಭ. ಕಟ್ಟುವಾಗ ತಲೆಕೆಳಗಾಗಿ ನಿಲ್ಲಿಸಿದ ಕಂಬಗಳನ್ನು ಮಾರ್ಗದರ್ಶಿಗಳು ನಗುತ್ತ ತೋರಿಸುತ್ತಾರೆ. ಮಾಳಿಗೆಯ ಮಳೆನೀರಿನ ದೋಣಿಗಳನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ದೊಡ್ಡ ಯೋಜನೆ ಬೇಕಿಲ್ಲ. ಟಿಕೆಟ್ ಹಣದಲ್ಲಿ ಒಂದು ಪಾಲು ಬರೀ ನಿರ್ವಹಣೆಗೆಂದು ಮೀಸಲಾಗಲಿ. ಸುಣ್ಣದ ಕೆಲಸ ಬಲ್ಲ ಗಾರೆಯವರು ಇಬ್ಬರಾದರೂ ವರ್ಷವಿಡೀ ಸಂಬಳದ ಮೇಲಿರಲಿ. ಅವರ ಏಣಿ ನೆರೆಮನೆಗಳ ಗೋಡೆಗೂ ಹೋಗಲಿ. 1985ರಿಂದ ಇರುವ ಸ್ಟೋನ್ ಟೌನ್ ಸಂರಕ್ಷಣಾ ಪ್ರಾಧಿಕಾರ ಬಿರುಕುಗಳ ಲೆಕ್ಕವನ್ನು ಬಹಿರಂಗಪಡಿಸಲಿ.

ಮಾರ್ಚ್‌ನಲ್ಲಿ ಮಸಿಕಾ ಮಳೆ ಶುರು. ಅದಕ್ಕೆ ಮೊದಲು ಮಾಳಿಗೆ ಹತ್ತಿ ನೋಡುವವರು ಯಾರೆಂದು ಸಭಾಪ್ರಾಂತ್ಯ ಈಗಲೇ ಹೇಳಬೇಕು.