ಎಣಿಕೆಗೆ ಬಾರದ ಮಕ್ಕಳು

ಆಟಿಸಂ ಎಂಬ ಸ್ಥಿತಿಯು ನಮ್ಮಲ್ಲಿ ಎಷ್ಟು ಮಕ್ಕಳಿಗೆ ಇರುವದೆಂಬುದು ಕೇವಲ ವೈದ್ಯರ ಕುತೂಹಲದ ಪ್ರಶ್ನೆಯಲ್ಲ. ಎಷ್ಟು ಶಿಕ್ಷಕರನ್ನು ಸಿದ್ಧಪಡಿಸಬೇಕು, ಎಷ್ಟು ಹಣವನ್ನು ತೆಗೆದಿರಿಸಬೇಕು ಎಂಬುದೆಲ್ಲವೂ ಈ ಅಂಕೆಯನ್ನೇ ಅವಲಂಬಿಸಿರುವದು. ಎಣಿಕೆಗೆ ಬಾರದ ಮಗುವು ಸರಕಾರದ ಆಯವ್ಯಯ ಪತ್ರಿಕೆಗೂ ಬಾರದು.

ಅಮೇರಿಕೆಯಲ್ಲಿ 2000ದ ಅಂದಾಜಿನಂತೆ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದ್ದಿತು. 2022ರ ಎಣಿಕೆಯಲ್ಲಿ ಅದು 31ಕ್ಕೆ ಒಬ್ಬರೆಂದಾಯಿತು. ಇದನ್ನು ಕಂಡು ಪಿಡುಗೊಂದು ಹಬ್ಬಿತೆಂದು ಬೊಬ್ಬೆಯಿಡುವವರುಂಟು. ಅಂಥವರು ಅದೇ ವರದಿಯನ್ನು ಪೂರ್ತಿಯಾಗಿ ಓದತಕ್ಕದ್ದು. ಟೆಕ್ಸಾಸಿನ ಲರೇಡೋದಲ್ಲಿ ಸಾವಿರಕ್ಕೆ 9.7 ಮಕ್ಕಳು, ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿ 53.1. ಅಲ್ಲಿಯ ಎಣಿಕೆಯು ಆಸ್ಪತ್ರೆ ಮತ್ತು ಶಾಲೆಗಳ ದಾಖಲೆಗಳನ್ನು ಆಧರಿಸಿದುದು. ಆದುದರಿಂದ ಈ ಐದು ಪಟ್ಟಿನ ಅಂತರವು ಬಹುಮಟ್ಟಿಗೆ ಹುಡುಕುವವರ ಅಂತರವೆಂದೇ ನಾವು ಭಾವಿಸುತ್ತೇವೆ. ದಕ್ಷಿಣ ಕೊರಿಯದ ಗೋಯಾಂಗ್ ನಗರದಲ್ಲಿ ಸಂಶೋಧಕರು ದಾಖಲೆಗಳನ್ನು ನಂಬಿ ಕೂಡದೆ ಸಾಮಾನ್ಯ ಶಾಲೆಗಳೊಳಗೇ ಹೋಗಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಪರೀಕ್ಷಣೆಯಲ್ಲಿ ನೂರಕ್ಕೆ 2.64 ಮಕ್ಕಳು ಕಂಡುಬಂದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನವರು ಅದುವರೆಗೆ ಯಾರ ಗಮನಕ್ಕೂ ಬಾರದೆ, ಯಾವ ನೆರವೂ ಇಲ್ಲದೆ, ಇತರರೊಡನೆ ಪಾಠ ಕಲಿಯುತ್ತಿದ್ದವರು!

ನಮ್ಮ ದೇಶದ ಸಂಗತಿಯೇನು? 2011ರ ಜನಗಣತಿಯ ಎಂಟು ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಮ್ಮಿನ ಹೆಸರೇ ಇರಲಿಲ್ಲ. 2016ರ ಕಾಯಿದೆಯು ಅದನ್ನು 21 ಬಗೆಗಳಲ್ಲೊಂದೆಂದು ಅಂಗೀಕರಿಸಿತು. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಪಲ್ವಲ್, ಕಾಂಗ್ಡಾ, ಢೇಂಕಾನಾಲ್, ಉತ್ತರ ಗೋವೆ, ಹೈದರಾಬಾದುಗಳಲ್ಲಿ ಸುಮಾರು 4,000 ಮಕ್ಕಳನ್ನು ಪರೀಕ್ಷಿಸಿತು. ಅದು ಶ್ಲಾಘ್ಯವಾದ ಕಾರ್ಯವೇ ಸರಿ; ಆದರೆ ಆ ಪಟ್ಟಿಯಲ್ಲಿ ಕರ್ನಾಟಕದ ಒಂದೂರೂ ಇಲ್ಲ.

ಜನಗಣತಿಯೊಂದರಿಂದಲೇ ಈ ಕೊರತೆಯು ತುಂಬಲಾರದು. ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳುವ ಗಣತಿದಾರನಿಗೆ ಆಟಿಸಮ್ಮಿನ ಲಕ್ಷಣವು ತಿಳಿಯದು. ನೆರೆಹೊರೆಯ ಮಾತಿಗೆ ಅಂಜಿದ ತಾಯಿಯು ಹೇಳಲಾರಳು. ತಾಲೂಕುಗಳನ್ನೂ ಹಳ್ಳಿಗಳನ್ನೂ ಚೀಟಿಯೆತ್ತಿ ಆರಿಸಿ, ಅಲ್ಲಿಯ ಪ್ರತಿಯೊಂದು ಮಗುವನ್ನೂ ಮೊದಲು ಸರಳವಾದ ಕನ್ನಡ ಪ್ರಶ್ನಾವಳಿಯಿಂದ ನೋಡಿ, ಸಂಶಯವಿದ್ದವರನ್ನು ತಜ್ಞರಿಂದ ಪರೀಕ್ಷಿಸುವದೇ ಸರಿಯಾದ ಮಾರ್ಗವು. ಸಂಶಯವಿಲ್ಲವೆನಿಸಿದವರಲ್ಲಿಯೂ ಕೆಲವರನ್ನು ಪರೀಕ್ಷಿಸಿದಲ್ಲದೆ, ಎಷ್ಟು ಮಂದಿ ಕೈತಪ್ಪಿದರೆಂಬುದು ಗೊತ್ತಾಗದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಿರುವ ನಾಡಿಗೆ ಇದು ಅಸಾಧ್ಯವಲ್ಲ.

ಪರರಾಷ್ಟ್ರಗಳ ಅಂಕೆಗಳನ್ನು ಎರವಲು ತಂದು ಅಂಜುವದರಿಂದಾಗಲಿ ಸಮಾಧಾನ ಪಡುವದರಿಂದಾಗಲಿ ಫಲವಿಲ್ಲ. ಆದರೆ ಒಂದು ಮಾತು: ಕಂಡುಹಿಡಿದ ಮಗುವಿಗೆ ನೆರವಿನ ದಾರಿಯನ್ನು ತೋರದ ಎಣಿಕೆಯು ತಾಯ್ತಂದೆಗಳ ಚಿಂತೆಯನ್ನಷ್ಟೇ ಹೆಚ್ಚಿಸುವದು. ಎಣಿಕೆಯೂ ನೆರವೂ ಜತೆಯಾಗಿಯೇ ಬರಲೆಂದು ನಾವು ಸರಕಾರವನ್ನು ಒತ್ತಾಯಪಡಿಸುತ್ತೇವೆ.